ಹೆರಿಗೆ ವಾರ್ಡಿನ ರಿಜಿಸ್ಟರ್‌ಗಳನ್ನು ನಾವು ಉಳಿಸಿಕೊಂಡ ಬಗೆ

ಹಳೇ ಆಸ್ಪತ್ರೆಯ ಚರಿತ್ರೆ ಅಂದ ಕೂಡಲೇ ಎಲ್ಲರೂ ಕೇಳುವುದು ಸ್ಥಾಪಕರ ಫೋಟೊ, ಶಂಕುಸ್ಥಾಪನೆಯ ಕಲ್ಲು. ನಮ್ಮೂರಿನ ಮಿಷನ್ ಆಸ್ಪತ್ರೆಯಲ್ಲಿ ನನಗೆ ವಹಿಸಿದ್ದೂ ಅದೇ ಕೆಲಸ. ಸ್ಮರಣ ಸಂಚಿಕೆಗೆ ಒಂದಿಷ್ಟು ಫೋಟೊ ಹುಡುಕಿ ಕೊಡಬೇಕಿತ್ತು. ಫೋಟೊ ಸಿಕ್ಕಿದವು. ಅವುಗಳ ಪಕ್ಕದಲ್ಲೇ ಹೆರಿಗೆ ವಾರ್ಡಿನ ರಿಜಿಸ್ಟರ್‌ಗಳನ್ನು ರದ್ದಿಗೆ ಹಾಕಲು ಕಟ್ಟಿಟ್ಟಿದ್ದರು.

ನಿಯಮದ ಪ್ರಕಾರ ಅದರಲ್ಲಿ ತಪ್ಪಿರಲಿಲ್ಲ. ಒಳರೋಗಿಯ ದಾಖಲೆಯನ್ನು 3 ವರ್ಷ ಇಟ್ಟುಕೊಂಡರೆ ಸಾಕು ಎಂದು ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿ ಹೇಳುತ್ತದೆ. "ಇದನ್ನೆಲ್ಲ ಇಟ್ಟುಕೊಂಡು ಏನು ಮಾಡ್ತೀರಮ್ಮ?" ಅಂತ ನಮ್ಮ ಸೂಪರಿಂಟೆಂಡೆಂಟ್ ಕೇಳಿದರು. ನಾನು ಮೈಸೂರಿನ ಕಥೆ ಹೇಳಿದೆ.

ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ 1906ರಲ್ಲಿ ಶುರುವಾದದ್ದು. ಊರಿನವರಿಗೆ ಅದು ಮಿಷನ್ ಆಸ್ಪತ್ರೆ. ಅಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟ ದಾಖಲೆಗಳು ಉಳಿದಿದ್ದವು. 1990ರ ದಶಕದಲ್ಲಿ ಸಂಶೋಧಕರು ಅವನ್ನು ಹಿಡಿದು, 1934 ಮತ್ತು 1954ರ ನಡುವೆ ಅಲ್ಲಿ ಹುಟ್ಟಿದ 517 ಜನರನ್ನು ಪತ್ತೆ ಮಾಡಿ ಪರೀಕ್ಷಿಸಿದರು. ಹುಟ್ಟುವಾಗ ತೂಕ ಕಡಿಮೆ ಇದ್ದವರಲ್ಲಿ ಹೃದಯದ ಕಾಯಿಲೆ ಜಾಸ್ತಿ ಎಂದು ಗೊತ್ತಾಯಿತು. 1996ರಲ್ಲಿ ಅದು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಮಗುವನ್ನು ತೂಗಿ ಬರೆದಿಟ್ಟ ಆ ಸಿಸ್ಟರ್‌ಗಳು ಇದನ್ನೆಲ್ಲ ಊಹಿಸಿಯೇ ಇರಲಾರರು. ಕೆಲಸವನ್ನು ನೆಟ್ಟಗೆ ಮಾಡಿದ್ದರು, ಅಷ್ಟೆ. ಇದನ್ನು ಕೇಳಿ ನಮ್ಮ ಸೂಪರಿಂಟೆಂಡೆಂಟ್ ಹಿಂಬದಿಯ ಒಂದು ಕೋಣೆಯ ಬೀಗದ ಕೈ ಕೊಟ್ಟರು.

ಮೊದಲು ಧೂಳು. ವರಾಂಡದಲ್ಲಿ ಮಾಸ್ಕ್ ಹಾಕಿಕೊಂಡು, ಮೆತ್ತನೆಯ ಬ್ರಷ್‌ನಿಂದ ಒಂದೊಂದೇ ಹಾಳೆ ಒರೆಸಿದೆವು. ತುಕ್ಕು ಹಿಡಿದ ಗುಂಡುಪಿನ್ನು ತೆಗೆದೆವು. ಅವು ಕಾಗದವನ್ನು ತಿಂದುಬಿಡುತ್ತವೆ. ಹರಿದ ಹಾಳೆಗೆ ಸೆಲ್ಲೋಟೇಪ್ ಮುಟ್ಟಿಸಲಿಲ್ಲ. ಅದು ಹಳದಿಯಾಗಿ ಕಲೆ ಬಿಡುತ್ತದೆ. ತೆಳುವಾದ ಜಪಾನಿ ಕಾಗದ, ಗೋಧಿ ಪಿಷ್ಟದ ಅಂಟು ಬಳಸಿದೆವು. ಬೇಕೆಂದಾಗ ಒದ್ದೆ ಮಾಡಿ ಬಿಡಿಸಬಹುದು. ಲ್ಯಾಮಿನೇಶನ್ ಮಾಡಿಸಿ ಅಂತ ಸಲಹೆ ಕೊಟ್ಟವರು ಬಹಳ ಮಂದಿ. ದಯವಿಟ್ಟು ಮಾಡಿಸಬೇಡಿ. ಒಮ್ಮೆ ಪ್ಲಾಸ್ಟಿಕ್ಕಿಗೆ ಅಂಟಿದ ಹಳೇ ಕಾಗದವನ್ನು ಹಾಳು ಮಾಡದೆ ಬಿಡಿಸುವುದು ತುಂಬಾ ಕಷ್ಟ. ರ್‍ಯಾಕ್‌ಗಳು ಕಬ್ಬಿಣದವು, ಗೋಡೆಗೆ ತಾಗದಂತೆ, ನೆಲದಿಂದ ಮೇಲೆ. ಮಳೆಗಾಲ ಕಳೆದ ಮೇಲೆ ಹುಳ ಬಿದ್ದಿದೆಯಾ ಅಂತ ಪ್ರತಿಯೊಂದನ್ನೂ ತೆರೆದು ನೋಡಲೇಬೇಕು.

ದಪ್ಪ ರಿಜಿಸ್ಟರನ್ನು ಸ್ಕ್ಯಾನರ್ ಮೇಲೆ ಬೋರಲು ಹಾಕಿ ಒತ್ತಿದರೆ ಹೊಲಿಗೆ ಬಿಡುತ್ತದೆ. ಅದಕ್ಕೆ ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಕಟ್ಟಿ ಮೇಲಿನಿಂದ ಫೋಟೊ ತೆಗೆದೆವು. ಫೈಲಿನ ಹೆಸರಿನಲ್ಲಿ ವರ್ಷ, ವಾರ್ಡು, ಪುಟ. ಎರಡು ಹಾರ್ಡ್ ಡಿಸ್ಕ್, ಎರಡು ಬೇರೆ ಬೇರೆ ಕಟ್ಟಡಗಳಲ್ಲಿ.

ಓದುವ ಕೆಲಸಕ್ಕೆ ಮಾತ್ರ ಯಂತ್ರ ಸಾಲಲಿಲ್ಲ. ನಿವೃತ್ತರಾದ ಒಬ್ಬ ಸಿಸ್ಟರ್ ಬಂದು ಕೂತರು. ತೂಕ ಪೌಂಡು, ಔನ್ಸಿನಲ್ಲಿತ್ತು. ಊರಿನ ಹೆಸರು ಇಂಗ್ಲಿಷಿನಲ್ಲಿ, ಒಂದೇ ಹಳ್ಳಿ ನಾಲ್ಕು ಥರ. "ಬಿಬಿಎ ಅಂದ್ರೆ ಏನು ಸಿಸ್ಟರ್?" ಎಂದು ಕೇಳಿದೆ. "ಆಸ್ಪತ್ರೆ ಮುಟ್ಟೋ ಮುಂಚೆನೇ ಹುಟ್ಟಿದ್ದು ಕಣಮ್ಮ. ಗಾಡಿಯಲ್ಲೇ ಆಗಿಬಿಡ್ತಿತ್ತು" ಅಂದರು. ಆಮೇಲೆ ಆ ಮೂರು ಅಕ್ಷರ ಯಾವ ಹಳ್ಳಿಗಳ ಮುಂದೆ ಹೆಚ್ಚು ಬರುತ್ತದೆ ಅಂತ ನೋಡುತ್ತಾ ಹೋದೆ. ಹೊಳೆಯ ಆಚೆಯವೇ ಜಾಸ್ತಿ. ಸೇತುವೆ ಇಲ್ಲದ ಕಾಲದಲ್ಲಿ ಹೆಂಗಸರು ಪಟ್ಟ ಪಾಡು ಅಲ್ಲಿತ್ತು. ಯಾವ ಸ್ಮರಣ ಸಂಚಿಕೆಯಲ್ಲೂ ನಾನು ಅದನ್ನು ಓದಿರಲಿಲ್ಲ.

ಮೈಸೂರಿನ ಆ ಆಸ್ಪತ್ರೆಯನ್ನು ಶುರು ಮಾಡಿದ ವೆಸ್ಲಿಯನ್ ಮಿಷನ್ನಿನ ಕಾಗದಪತ್ರಗಳು ಲಂಡನ್ನಿನ ಸೋಆಸ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಭದ್ರವಾಗಿವೆ. ಡಾಕ್ಟರುಗಳು, ಪಾದ್ರಿಗಳು ಬರೆದದ್ದು ಅಂಥ ಕಡೆ ಸಿಗುತ್ತದೆ. ಹೆರಿಗೆಗೆ ಬಂದ ಹಳ್ಳಿಯ ಹೆಂಗಸನ್ನು ಹುಡುಕಬೇಕಾದರೆ ಇಲ್ಲಿನ ವಾರ್ಡಿನ ಪುಸ್ತಕವೇ ಬೇಕು.

ಇವನ್ನೆಲ್ಲ ಜನರಿಗೆ ತೋರಿಸಬೇಕು ಎಂಬ ಆಸೆ ನನಗೆ ಬಹಳ. ಆದರೆ ಅದರಲ್ಲಿ ಸತ್ತು ಹುಟ್ಟಿದ ಮಕ್ಕಳಿದ್ದಾರೆ, ಗಂಡನ ಹೆಸರಿನ ಜಾಗ ಖಾಲಿ ಬಿಟ್ಟ ಹುಡುಗಿಯರಿದ್ದಾರೆ. ಅವರ ಮೊಮ್ಮಕ್ಕಳು ಇದೇ ಊರಿನಲ್ಲಿರಬಹುದು, ಅಲ್ವಾ? ಬ್ರಿಟನ್ನಿನಲ್ಲಿ ರೋಗಿಗಳ ದಾಖಲೆಯನ್ನು ಸಾಮಾನ್ಯವಾಗಿ 100 ವರ್ಷ ಮುಚ್ಚಿಡುತ್ತಾರೆ. ನಾವೂ ಅದನ್ನೇ ಹಿಡಿದೆವು. ಸಂಶೋಧನೆಗೆ ಕೇಳಿದವರಿಗೆ ಹೆಸರು, ವಿಳಾಸ ತೆಗೆದು ಅಂಕಿಗಳನ್ನಷ್ಟೇ ಕೊಡುತ್ತೇವೆ. ತಾಯಿಯ ಬಗ್ಗೆ ಕೇಳಿಕೊಂಡು ಬಂದವರಿಗೆ, ಸಂಬಂಧ ಖಾತ್ರಿಯಾದ ಮೇಲೆ, ಆ ಒಂದು ಸಾಲನ್ನು ಮಾತ್ರ ತೋರಿಸುತ್ತೇವೆ. ಹೊರರೋಗಿ ವಿಭಾಗದ ಗೋಡೆಗೆ ಹಾಕಿರುವುದು ಯಾರ ಮಾನಕ್ಕೂ ಕುಂದು ತರದಂಥವು: ಔಷಧದ ಇಂಡೆಂಟ್, ಅಡುಗೆಮನೆಯ ಲೆಕ್ಕ, ನರ್ಸಿಂಗ್ ವಿದ್ಯಾರ್ಥಿನಿಯರ ಡ್ಯೂಟಿ ಪಟ್ಟಿ. ಚೀಟಿ ಹಿಡಿದು ಕಾಯುವವರು ನಿಂತು ಓದುತ್ತಾರೆ.

ಈಗ ಆಯಾಗಳ ಸರದಿ. ಹೆರಿಗೆ ರಿಜಿಸ್ಟರಿನಲ್ಲಿ ಡಾಕ್ಟರ, ಸಿಸ್ಟರ ಸಹಿ ಇದೆ, ಆಯಾಗಳದ್ದು ಇಲ್ಲ. ಸಂಬಳದ ಪುಸ್ತಕದಲ್ಲಿ ಹೆಬ್ಬೆಟ್ಟಿನ ಪಕ್ಕ ಅವರ ಹೆಸರು ಸಿಕ್ಕಿದೆ. ಬದುಕಿರುವವರ ಮನೆಗೆ ಹೋಗಿ, ಅವರ ಒಪ್ಪಿಗೆ ಪಡೆದು, ಮಾತು ರೆಕಾರ್ಡ್ ಮಾಡುತ್ತಿದ್ದೇವೆ.