ಕಾಡು ಬೆಳೆದ ಬೋನ್ಸಾಯ್‌ಗೆ ಕತ್ತರಿ ಹಾಕುವ ಮುನ್ನ

ಗೃಹಪ್ರವೇಶಕ್ಕೆ ಯಾರೋ ಕೊಟ್ಟ ಫೈಕಸ್ (ಆಲದ ಜಾತಿಯ ಮರ) ಬೋನ್ಸಾಯ್ ಎರಡು ವರ್ಷ ಬಾಲ್ಕನಿ ಮೂಲೆಯಲ್ಲಿ ಬಿದ್ದಿರುತ್ತದೆ. ಒಂದು ಭಾನುವಾರ ಇದ್ದಕ್ಕಿದ್ದಂತೆ ಅದರ ಮೇಲೆ ಪ್ರೀತಿ ಉಕ್ಕುತ್ತದೆ. ಕೊಂಬೆ ಸವರಿ, ಬೇರು ಕತ್ತರಿಸಿ, ಮಣ್ಣು ಬದಲಿಸಿ, ಗೊಬ್ಬರ ಸುರಿದು ಎಲ್ಲ ಒಂದೇ ದಿನ ಮುಗಿಸುತ್ತಾರೆ. ತಿಂಗಳೊಳಗೆ ಗಿಡ ಕಡ್ಡಿ. ಇದನ್ನು ನಾಲ್ಕು ಮನೆಗಳಲ್ಲಿ ನೋಡಿದ ಮೇಲೆ ಈ ಲೇಖನ ಬರೆಯುತ್ತಿದ್ದೇನೆ.

ಮೊದಲು ಜೀವ ಇದೆಯಾ ನೋಡಿ. ಉಗುರಿನಿಂದ ತೊಗಟೆಯನ್ನು ತುಸು ಕೆರೆದರೆ ಒಳಗೆ ಹಸಿರು ಕಾಣಬೇಕು. ಒಣಗಿದ್ದರೆ ಆ ರೆಂಬೆ ಹೋಯಿತು, ಹಸಿರು ಸಿಗುವ ತನಕ ಕತ್ತರಿಸಿ ತೆಗೆಯಿರಿ.

ಆಮೇಲೆ ಒಂದು ತಿಂಗಳು ನೀರು ಮತ್ತು ಬೆಳಗಿನ ಬಿಸಿಲು, ಅಷ್ಟೇ. ಕುಂಡದ ಮೇಲೆ ಬಣ್ಣದ ಕಲ್ಲುಗಳನ್ನು ಅಂಟು ಹಾಕಿ ಕೂರಿಸಿದ್ದರೆ ಸ್ಕ್ರೂಡ್ರೈವರ್‌ನಿಂದ ಕಿತ್ತು ಬಿಸಾಕಿ. ಅದರ ಮೇಲೆ ಹಾಕಿದ ನೀರು ಬೇರಿಗೆ ಸರಿಯಾಗಿ ಇಳಿಯುವುದಿಲ್ಲ. ಇಂಥ ಗಿಡ ಮಾರುವವರನ್ನು ಏನನ್ನಬೇಕೋ! ಆಕಾರ ಕೊಡಲು ಸುತ್ತಿದ ಹಳೇ ತಂತಿ ತೊಗಟೆಗೆ ಕಚ್ಚಿಕೊಂಡಿದ್ದರೆ ಬಿಚ್ಚಲು ಹೋಗಬೇಡಿ, ಕಟರ್‌ನಿಂದ ತುಂಡು ತುಂಡಾಗಿ ಕತ್ತರಿಸಿ ತೆಗೆಯಿರಿ.

ಹೊಸ ಚಿಗುರು ಕಂಡ ಮೇಲೆ ಸವರುವ ಕೆಲಸ. ನಮ್ಮಲ್ಲಿ ಏಪ್ರಿಲ್‌ನಿಂದ ಜುಲೈ ಒಳ್ಳೆಯ ಕಾಲ. ಚಳಿಗಾಲದಲ್ಲಿ ಬೇಡ.

ಎಡವುವುದು ಇಲ್ಲೇ. ಫೈಕಸ್ ತನ್ನ ಬಲವನ್ನೆಲ್ಲ ತುದಿಗೆ ಕಳಿಸುತ್ತದೆ, ಹಾಗಾಗಿ ಮೇಲೆ ಪೊದೆ, ಕೆಳಗೆ ಬೋಳು. ಜನ ಮಾತ್ರ 'ಕಾಂಡ ಚೆನ್ನಾಗಿ ಕಾಣ್ಲಿ' ಅಂತ ಕೆಳಗಿನ ರೆಂಬೆಗಳನ್ನೇ ಕತ್ತರಿಸುತ್ತಾರೆ. ಹೋದ ಜಾಗದಲ್ಲೇ ಅದು ಮತ್ತೆ ಹುಟ್ಟುತ್ತದೆ ಅನ್ನುವ ಖಾತ್ರಿ ಇಲ್ಲ. ಕುಂಡವನ್ನು ಕಣ್ಣಿನ ಮಟ್ಟಕ್ಕೆ ಇಡಿ. ನೇರ ಮೇಲಕ್ಕೆ ಎದ್ದವು, ನೇರ ಕೆಳಕ್ಕೆ ಇಳಿದವು, ಒಂದರ ಮೇಲೊಂದು ಹಾಯ್ದವು, ಈ ರೆಂಬೆಗಳು ಹೋಗಬೇಕು. ಒಂದೇ ಗೆಣ್ಣಿನಿಂದ ಮೂರ್ನಾಲ್ಕು ಹೊರಟಿದ್ದರೆ ಎರಡು ಸಾಕು, ಇಲ್ಲದಿದ್ದರೆ ಅಲ್ಲಿ ಗಂಟು ಊದಿಕೊಳ್ಳುತ್ತದೆ. ಅನುಮಾನ ಬಂದರೆ ಆ ರೆಂಬೆಯನ್ನು ಅಂಗೈಯಿಂದ ಮುಚ್ಚಿ, ಎರಡು ಹೆಜ್ಜೆ ಹಿಂದೆ ನಿಂತ ಇನ್ನೊಬ್ಬರನ್ನು ಕೇಳಿ. ನಾನು ಹೆಂಡತಿಯನ್ನು ಕೇಳುತ್ತೇನೆ, ಅವಳು 'ಬೇಡ' ಅಂದದ್ದನ್ನು ಕತ್ತರಿಸಿ ಎರಡು ಸಲ ಪಶ್ಚಾತ್ತಾಪ ಪಟ್ಟಿದ್ದೇನೆ.

ಮೇಲಿನ ರೆಂಬೆಗಳಲ್ಲಿ ಎರಡೇ ಎಲೆ ಉಳಿಸಿ. ಕೆಳಗಿನವುಗಳಲ್ಲಿ ಐದಾರು ಇರಲಿ, ಸೊರಗಿದ್ದರೆ ಮುಟ್ಟಲೇಬೇಡಿ. ಎಲೆಯ ಗೆಣ್ಣಿಗೆ ಸ್ವಲ್ಪ ಮೇಲೆ ಕತ್ತರಿಸಿ. ಎಲೆಯೇ ಉಳಿಯದಂತೆ ಬೋಳಿಸಿದರೆ ನಿತ್ರಾಣವಾದ ಗಿಡ ಆ ರೆಂಬೆಯನ್ನೇ ಒಣಗಿಸಿಬಿಡುತ್ತದೆ. ಒಟ್ಟು ಎಲೆಯಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ತೆಗೆಯಬೇಡಿ. ಉಳಿದದ್ದು ಮುಂದಿನ ಸಲ.

ಕತ್ತರಿಸಿದಲ್ಲಿ ಹಾಲು ಸುರಿಯುತ್ತದೆ. ಗಾಬರಿ ಬೇಡ, ಒದ್ದೆ ಬಟ್ಟೆ ಒತ್ತಿದರೆ ಸಾಕು. ಕೆಲವರಿಗೆ ಚರ್ಮ ತುರಿಸುತ್ತದೆ, ಕಣ್ಣಿಗಂತೂ ತಾಗಿಸಬೇಡಿ. ಬೆರಳು ದಪ್ಪದ ಗಾಯಕ್ಕೆ ಮಾತ್ರ ಕಟ್ ಪೇಸ್ಟ್ (ಗಿಡದ ಗಾಯ ಮುಚ್ಚುವ ಲೇಪ) ಹಚ್ಚಿ.

ಎರಡು ವಾರ ನೆರಳು. ಮೇಲ್ಮಣ್ಣು ಒಣಗಿದಾಗ, ತಳದ ತೂತಿನಿಂದ ಇಳಿಯುವಷ್ಟು ನೀರು. ಹೊಸ ಎಲೆ ಬರುವ ತನಕ ಗೊಬ್ಬರ ಇಲ್ಲ. ಬಾಟಲಿಯಲ್ಲಿ ಬರುವ 'ಬೋನ್ಸಾಯ್ ಟಾನಿಕ್' ಯಾವಾಗಲೂ ಇಲ್ಲ.

ಬೇರಿನ ಕೆಲಸ ಮುಂದಿನ ವರ್ಷ. ಆಗ ಬರೀ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ತುಂಬಬೇಡಿ, ಇಟ್ಟಿಗೆ ಚೂರು ಮತ್ತು ದಪ್ಪ ಮರಳು ಸೇರಿಸಿ. ಅಂದ ಹಾಗೆ, ಕತ್ತರಿಸಿದ ರೆಂಬೆಗಳನ್ನು ಎಸೆದಿಲ್ಲ ತಾನೇ? ಪೆನ್ಸಿಲ್ ದಪ್ಪದವನ್ನು ಹಾಲು ತೊಳೆದು ಒದ್ದೆ ಮರಳಿಗೆ ಸಿಕ್ಕಿಸಿ. ಮಳೆಗಾಲದಲ್ಲಿ ಸುಲಭವಾಗಿ ಬೇರು ಬಿಡುತ್ತವೆ.