ಮಳೆಗಾಲದ ಗೊಬ್ಬರಕ್ಕೆ ಈಗಲೇ ತರಗೆಲೆ ಎತ್ತಿಡಿ

ಅಂಗಳ ಗುಡಿಸಿದ ತರಗೆಲೆಗೆ ಬೆಂಕಿ ಹಾಕಬೇಡಿ. ಎರಡು ಮೂರು ಗೋಣಿಚೀಲ ತುಂಬಿಸಿ ಮಳೆ ತಾಗದ ಕಡೆ ಇಡಿ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಗೊಬ್ಬರದ ಬಕೆಟಿಗೆ ಅಡುಗೆಮನೆಯ ಹಸಿಕಸ ಹಾಕಿದಾಗಲೆಲ್ಲ ಅದರ ಎರಡರಷ್ಟು ತರಗೆಲೆ ಮೇಲೆ ಹರಡಿ. ನಮ್ಮ ಮಂಗಳೂರು, ಉಡುಪಿ ಕಡೆ ಮಳೆಗಾಲದಲ್ಲಿ ಗಾಳಿಯೇ ಒದ್ದೆ, ಕಸದ ನೀರು ಆರುವುದೇ ಇಲ್ಲ. ಗಾಳಿಯಾಡದೆ ಕೊಳೆತರೆ ವಾಸನೆ, ಹುಳ ಎರಡೂ ಗ್ಯಾರಂಟಿ. ತರಗೆಲೆ ಆ ನೀರು ಹೀರಿಕೊಂಡು ನಡುವೆ ಗಾಳಿಗೆ ಜಾಗ ಬಿಡುತ್ತದೆ. ಹಲಸು, ಮಾವಿನ ಎಲೆ ದಪ್ಪ ಅಲ್ವಾ, ಇಡಿಯಾಗಿ ಹಾಕಿದರೆ ಒಂದಕ್ಕೊಂದು ಅಂಟಿ ಕೂರುತ್ತವೆ. ಬಿಸಿಲಿಗೆ ಗರಿಗರಿಯಾಗಿರುವಾಗ ಚೀಲದಲ್ಲೇ ಕಾಲಲ್ಲಿ ತುಳಿದುಬಿಡಿ, ಚೆನ್ನಾಗಿ ಹುಡಿಯಾಗುತ್ತವೆ. ಬಕೆಟಿನ ತಳದಲ್ಲಿ ತೂತು ಇರಲೇಬೇಕು. ಗಂಜಿ ತಿಳಿ, ಉಳಿದ ಸಾರು ಸುರಿದರೆ ಎಷ್ಟು ಎಲೆ ಹಾಕಿದರೂ ಸಾಲದು. ಬಂಗುಡೆ, ಬೂತಾಯಿಯಂಥ ಮೀನು ಶುಚಿ ಮಾಡಿದ ಕಸಕ್ಕೂ ಈ ಉಪಾಯ ನಡೆಯುವುದಿಲ್ಲ, ವಾಸನೆಗೆ ಬೆಕ್ಕು ಬಂದು ಕೆದಕುತ್ತದೆ. ಅದನ್ನು ಬೇರೆಯೇ ತೆಗೆದಿಟ್ಟು ತೆಂಗಿನ ಬುಡದಲ್ಲಿ ಒಂದು ಮೊಳ ಆಳಕ್ಕೆ ಹೂತುಬಿಡಿ. ಅಂಗಳ ಇಲ್ಲದ ಫ್ಲ್ಯಾಟಿನವರು ತರಗೆಲೆಯ ಬದಲು ತೆಂಗಿನ ನಾರಿನ ಹುಡಿ ಬಳಸಬಹುದು, ನರ್ಸರಿಗಳಲ್ಲಿ ಕೊಕೊಪೀಟ್ ಅಂತ ಕೇಳಿದರೆ ಕೊಡುತ್ತಾರೆ.