ಸಿಂಹಾವಲೋಕನ ಪ್ರದರ್ಶನ: ಕೆಲಸ ಶುರುವಾಗುವುದು ಚಿತ್ರದ ಬೆನ್ನಿನಿಂದ

ದಾವಣಗೆರೆಯಲ್ಲಿ ಹಿರಿಯ ಅಮೂರ್ತ ಕಲಾವಿದರೊಬ್ಬರ ಸಿಂಹಾವಲೋಕನ ಪ್ರದರ್ಶನ, ಅಂದರೆ ಹಲವು ವರ್ಷಗಳ ಕೆಲಸವನ್ನು ಒಟ್ಟಿಗೆ ತೋರಿಸುವ ಪ್ರದರ್ಶನ, ಜೋಡಿಸಿದಾಗ ಹೆಚ್ಚು ಹೊತ್ತು ಹಿಡಿದದ್ದು ಕಾಲಕ್ರಮ. ಭಾವಚಿತ್ರವಾದರೆ ಉಟ್ಟ ಬಟ್ಟೆಯೋ ಹಿಂದಿನ ಬೀದಿಯೋ ಕಾಲ ಹೇಳೀತು, ಅಮೂರ್ತದಲ್ಲಿ ಆ ಆಸರೆಯಿಲ್ಲ. ಕ್ಯಾನ್ವಾಸಿನ ಹಿಂಬದಿಯ ಬರಹ, ಹಳೆಯ ಪ್ರದರ್ಶನಗಳ ಚೀಟಿ, ಚೌಕಟ್ಟಿಗೆ ಹೊಡೆದದ್ದು ಮೊಳೆಯೋ ಸ್ಟೇಪಲ್ ಪಿನ್ನೋ, ಎಲ್ಲದರ ಫೋಟೊ ತೆಗೆದು ಪಟ್ಟಿ ಮಾಡಿದೆವು. ರುಜುವಿನ ಪಕ್ಕದ ಇಸವಿಯೊಂದನ್ನೇ ನಂಬುವಂತಿಲ್ಲ. ಮಾರುವ ಹೊತ್ತಿಗೆ ರುಜು ಹಾಕುವವರೂ ಉಂಟು. ಯಾವ ಕಡೆ ಮೇಲು ಎನ್ನುವುದಕ್ಕೂ ಬೆನ್ನೇ ಸಾಕ್ಷಿ. ಬಣ್ಣ ಇಳಿದ ಜಾಡು ನೋಡಿ ತೀರ್ಮಾನಿಸಬೇಡಿ: ಕ್ಯಾನ್ವಾಸ್ ತಿರುಗಿಸಿ ತಿರುಗಿಸಿ ಬಣ್ಣ ಹರಿಸುವವರು ಬಹಳ.

ಏಪ್ರಿಲ್ ಬಿಸಿಲಲ್ಲಿ ಇಲ್ಲಿ ಅಕ್ರಿಲಿಕ್ ಚಿತ್ರ ಸಾಗಿಸುವುದು ರಗಳೆಯ ಕೆಲಸ. ಕಾವಿಗೆ ಬಣ್ಣದ ಪದರ ಮೆತ್ತಗಾಗಿ ಅಂಟುತ್ತದೆ. ಬಬಲ್ ರ್‍ಯಾಪ್ ನೇರವಾಗಿ ಸುತ್ತಿದರೆ ಗುಳ್ಳೆಗಳ ಅಚ್ಚು ಬೀಳುತ್ತದೆ. ಒಳಗೆ ಸಿಲಿಕಾನ್ ಲೇಪನದ ಕಾಗದ, ಅದರ ಮೇಲೆ ಗುಳ್ಳೆಗಳು ಹೊರಮುಖವಾಗಿರುವಂತೆ ಬಬಲ್ ರ್‍ಯಾಪ್. ಬೆಳಗಿನ ತಂಪಲ್ಲೇ ಗಾಡಿ ಹೊರಡಬೇಕು. ಎರೆಮಣ್ಣಿನ ಧೂಳಿಗೆ ಒಣ ಮೆದು ಬ್ರಷ್ ಸಾಕು. ಬಣ್ಣ ಬಿರಿದು ಎದ್ದಿದ್ದರೆ ಅದನ್ನೂ ಮುಟ್ಟಿಸಬಾರದು.

ತೂಗುಹಾಕುವಾಗ ಚಿತ್ರದ ನಡುಮಧ್ಯ ನೆಲದಿಂದ 150 ಸೆಂ.ಮೀ. ಚಿತ್ರದ ಎತ್ತರ 120 ಆದರೆ ಮೇಲಂಚು 210ಕ್ಕೆ ಬರುತ್ತದೆ. ಎಳೆದು ಹಿಡಿದ ತಂತಿ ಮೇಲಂಚಿನಿಂದ 8 ಸೆಂ.ಮೀ. ಕೆಳಗಿದ್ದರೆ ಕೊಕ್ಕೆ 202ಕ್ಕೆ. ತಂತಿಯನ್ನು ಸಡಿಲವಾಗಿಟ್ಟು ಅಳೆದರೆ ಲೆಕ್ಕ ತಪ್ಪುತ್ತದೆ. ದೊಡ್ಡ ಕ್ಯಾನ್ವಾಸಿಗೆ ತಂತಿಯೇ ಬೇಡ, ಎರಡು ಕೊಕ್ಕೆ ಹಾಕಿ, ವಾಲುವುದಿಲ್ಲ.

12 ಮೀಟರ್ ಗೋಡೆಗೆ ಒಂದೂವರೆ ಮೀಟರ್ ಅಗಲದ ಆರು ಚಿತ್ರ ತುರುಕುವ ಆಸೆ ಎಲ್ಲರಿಗೂ ಇರುತ್ತದೆ. ನಾಲ್ಕೇ ಇಟ್ಟರೆ ಐದು ಕಡೆ 1.2 ಮೀಟರ್ ಬಿಡುವು ಸಿಗುತ್ತದೆ. ಅಷ್ಟೂ ಇಲ್ಲದಿದ್ದರೆ ಒಂದರ ಕೆಂಪು ಪಕ್ಕದ್ದರ ಬೂದಿಬಣ್ಣವನ್ನು ಕೆಡಿಸುತ್ತದೆ. ಹತ್ತಿರ ಹತ್ತಿರ ಹಾಕುವುದೇ ಆದರೆ ಒಂದೇ ಕಾಲದ, ಕಾಗದದ ಮೇಲೆ ಬರೆದ ಸಣ್ಣ ಚಿತ್ರಗಳನ್ನು ಹಾಕಿ.

ಬೆಳಕಿನ ಬಣ್ಣ 3000 ಕೆಲ್ವಿನ್ (ತುಸು ಹಳದಿ ಛಾಯೆ), ಸಿಆರ್‌ಐ (ಬಣ್ಣಗಳು ಎಷ್ಟು ನಿಜವಾಗಿ ಕಾಣುತ್ತವೆ ಎನ್ನುವ ಅಳತೆ) 90ಕ್ಕಿಂತ ಮೇಲೆ. ಚಿತ್ರದ ಮೇಲೆ ಬೀಳುವ ಬೆಳಕು ತೈಲವರ್ಣಕ್ಕೆ ಸುಮಾರು 200 ಲಕ್ಸ್, ಕಾಗದದ ಚಿತ್ರಕ್ಕೆ 50. ಅಮೂರ್ತ ಕಲಾವಿದ ವಿ. ಎಸ್. ಗಾಯ್ತೊಂಡೆಯವರಂತೆ ರೋಲರ್, ಚಾಕು ಹಿಡಿದು ಪದರ ಕಟ್ಟಿದ ಚಿತ್ರಕ್ಕೆ ಬೆಳಕು ಎದುರಿನಿಂದ ಬಿದ್ದರೆ ಮೈಯೆಲ್ಲ ಚಪ್ಪಟೆ. ಮೇಲಿನಿಂದ, ನೇರ ಇಳಿಗೆರೆಗೆ 30 ಡಿಗ್ರಿ ಓರೆಯಲ್ಲಿ ಬೀಳಬೇಕು.

‘ಶೀರ್ಷಿಕೆರಹಿತ’ ಎಂಬ ಚಿತ್ರಗಳೇ ಹೆಚ್ಚಿರುವುದರಿಂದ ಪ್ರತಿಯೊಂದಕ್ಕೂ ಕ್ರಮಸಂಖ್ಯೆ, ಪಟ್ಟಿಯಲ್ಲಿ ಪುಟ್ಟ ಫೋಟೊ, ಎರವಲು ಕೊಟ್ಟವರ ರುಜು ಇರಲೇಬೇಕು. ಅಳತೆಯೂ ಒಂದೇ ಇದ್ದಾಗ ಯಾರ ಮನೆಗೆ ಯಾವುದು ಎನ್ನುವುದು ಆ ಸಂಖ್ಯೆಯಿಂದಲೇ ಬಗೆಹರಿಯುವುದು.